ಅಘನಾಶಿನಿ ಅಳಿವೆಯಲ್ಲಿ ಬಳಚು ಎಣಿಸುವ ಕೆಲಸ: ನನ್ನ ಅನುಭವ

ಹೊಳೆ ಸಮುದ್ರ ಸೇರುವ ಅಳಿವೆಯ ಆರೋಗ್ಯ ನೋಡೋಕೆ ಎಲ್ಲಿಂದ ಶುರು ಮಾಡಬೇಕು ಅಂತ ಹೊಸಬರು ಕೇಳಿದರೆ ನಾನು ಹೇಳುವುದು ಬಳಚಿನಿಂದ, ಅಂದರೆ ಕೆಸರಲ್ಲಿ ಬದುಕುವ ಎರಡು ಚಿಪ್ಪಿನ ಮೃದ್ವಂಗಿಯಿಂದ, ಅಂತ. ನೀರು ಕೆಟ್ಟರೆ ಮೀನು ಬೇರೆ ಕಡೆ ಹೋಗಿಬಿಡುತ್ತದೆ, ಹಕ್ಕಿ ಹಾರಿಹೋಗುತ್ತದೆ. ಕೆಸರಲ್ಲಿ ಹೂತು ಕೂತ ಬಳಚು ಎಲ್ಲಿಗೆ ಹೋಗಬೇಕು? ಅಲ್ಲೇ ಬೆಳೆಯಬೇಕು, ಇಲ್ಲ ಅಲ್ಲೇ ಸಾಯಬೇಕು.

ನಾನು ಕೆಲಸ ಮಾಡುವುದು ಉತ್ತರ ಕನ್ನಡದ ಕುಮಟಾ ತಾಲೂಕಿನಲ್ಲಿ, ತದಡಿಯಿಂದ ಮಿರ್ಜಾನ್ ಕಡೆಗೆ. ಅಘನಾಶಿನಿ ಹೊಳೆಗೆ ದೊಡ್ಡ ಅಣೆಕಟ್ಟು ಎಲ್ಲೂ ಇಲ್ಲ. ಘಟ್ಟದ ಮೇಲೆ ಸುರಿದ ಮಳೆಯೆಲ್ಲ ಸೀದಾ ಇಲ್ಲಿಗೇ ಬರುತ್ತದೆ. ಬೇಸಿಗೆಯಲ್ಲಿ ಬಾಯಿಗಿಟ್ಟರೆ ಸಮುದ್ರದ ಹಾಗೇ ಇರುವ ನೀರು ಜುಲೈ ಹೊತ್ತಿಗೆ ಹೆಚ್ಚುಕಡಿಮೆ ಸಿಹಿ. ಗಜನಿಯಲ್ಲಿ, ಅಂದರೆ ಅಳಿವೆ ಪಕ್ಕದ ಉಪ್ಪುನೀರಿನ ಗದ್ದೆಯಲ್ಲಿ, ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುವವರು ಕಾಯುವುದೂ ಇದನ್ನೇ, ಮಳೆ ಬಂದು ಮಣ್ಣಿನ ಉಪ್ಪು ತೊಳೆಯಲಿ ಅಂತ. ಬಳಚಿಗೆ ಮಾತ್ರ ಅದು ಕಷ್ಟದ ಕಾಲ. ಸಿಹಿನೀರು ಜಾಸ್ತಿ ದಿನ ನಿಂತರೆ ಹಾಸು ಹಾಸೇ, ಅಂದರೆ ಬಳಚು ಒತ್ತಾಗಿ ಕೂತ ಜಾಗ ಪೂರ್ತಿ, ಸತ್ತುಹೋಗುತ್ತದೆ.

ನನಗೆ ಸಿಟ್ಟು ಬರುವುದು ಇಲ್ಲೇ. 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯಡಿ ಹಲವು ಯೋಜನೆಗಳಿಗೆ ಮಳೆಗಾಲ ಬಿಟ್ಟು ಒಂದೇ ಋತುವಿನ ಮಾಹಿತಿ ಸಾಕಾಗುತ್ತದೆ. ಅಂದರೆ ಇಂಥ ಅಳಿವೆಯಲ್ಲಿ ಬದುಕು-ಸಾವು ತೀರ್ಮಾನವಾಗುವ ತಿಂಗಳುಗಳೇ ಕಡತದಲ್ಲಿ ಇರುವುದಿಲ್ಲ. ಅದಕ್ಕೇ ನಾನು ಮಳೆಗಾಲದ ಅಳತೆಯನ್ನು ಯಾವ ಕಾರಣಕ್ಕೂ ಬಿಡುವುದಿಲ್ಲ. ಹೊಳೆ ತುಂಬಿ ದೋಣಿ ಇಳಿಸೋಕೆ ಆಗದಿದ್ದರೆ ದಡದಿಂದಲಾದರೂ ನೀರು ತೆಗೆಯುತ್ತೇನೆ.

ನೀರು ತೆಗೆಯುವುದರಲ್ಲೂ ಒಂದು ವಿಷಯ ಇದೆ. ಬಕೆಟ್ ಅದ್ದಿ ಮೇಲಿನ ನೀರು ತಂದರೆ ಉಪಯೋಗ ಕಡಿಮೆ, ಯಾಕಂದರೆ ಉಪ್ಪುನೀರು ಭಾರ, ಅದು ಅಡಿಯಲ್ಲಿ ಹರಿಯುತ್ತದೆ, ಸಿಹಿನೀರು ಅದರ ಮೇಲೆ. ಬಳಚು ಇರುವುದು ಅಡಿಯಲ್ಲಿ ಅಲ್ವಾ? ಒಂದು ಗಾಜಿನ ಬಾಟಲಿಗೆ ಕಲ್ಲು ಕಟ್ಟಿ, ಬಿರಡೆಗೆ ಬೇರೆ ದಾರ ಕಟ್ಟಿ ಇಳಿಸಿ. ತಳ ತಾಗಿದ ಮೇಲೆ ಬಿರಡೆಯ ದಾರ ಎಳೆಯಿರಿ, ಗುಳ್ಳೆ ನಿಂತ ಮೇಲೆ ಎತ್ತಿ. ಆ ನೀರಿನ ಒಂದು ಹನಿಯನ್ನು ರಿಫ್ರಾಕ್ಟೋಮೀಟರಿನ ಗಾಜಿಗೆ ಹಾಕಿ ಬೆಳಕಿಗೆ ಹಿಡಿದರೆ ನೀಲಿ-ಬಿಳಿ ಸೇರುವ ಗೆರೆ ಉಪ್ಪಿನ ಪ್ರಮಾಣ ತೋರಿಸುತ್ತದೆ. ಸಮುದ್ರದ ನೀರು ಸಾಮಾನ್ಯವಾಗಿ ಸಾವಿರಕ್ಕೆ 35. ಪ್ರತಿ ಸಲ ಶುರು ಮಾಡುವ ಮುಂಚೆ ಡಿಸ್ಟಿಲ್ಡ್ ವಾಟರ್ ಹಾಕಿ ಸೊನ್ನೆ ತೋರಿಸುತ್ತದಾ ಅಂತ ನೋಡಲೇಬೇಕು.

ಎಣಿಕೆಗೆ ಅಮಾವಾಸ್ಯೆ, ಹುಣ್ಣಿಮೆ ಹತ್ತಿರದ ದೊಡ್ಡ ಇಳಿತ ಒಳ್ಳೇದು, ಕೆಳಗಿನ ಹಾಸೂ ಬಯಲಾಗುತ್ತದೆ. ಇಳಿತದ ಪಟ್ಟಿಯೊಂದನ್ನೇ ನಂಬಬೇಡಿ. ಅಳಿವೆ ಬಾಯಲ್ಲಿ ನೀರು ಇಳಿದು ಎಷ್ಟೋ ಹೊತ್ತಾದ ಮೇಲೆ ಒಳಗೆ ಮಿರ್ಜಾನ್ ಕಡೆ ಇಳಿಯುತ್ತದೆ. ದಡದಿಂದ ನೀರಿನ ಅಂಚಿನವರೆಗೆ ಹಗ್ಗ ಎಳೆದು, ಸಮ ಅಂತರದಲ್ಲಿ ಅರ್ಧ ಮೀಟರ್ ಬದಿಯ ಕಬ್ಬಿಣದ ಚೌಕಟ್ಟು ಇಡುತ್ತೇನೆ. ಬಳಚು ಜಾಸ್ತಿ ಕಂಡಲ್ಲಿ ಚೌಕಟ್ಟು ಇಡುವ ಆಸೆ ಎಲ್ಲರಿಗೂ ಬರುತ್ತದೆ, ಇಡಬಾರದು. ಒಳಗಿನ ಕೆಸರನ್ನು ಗೇಣುದ್ದ ಅಗೆದು ಜರಡಿ ಹಿಡಿದು, ಎಣಿಸಿ, ಒಂದೊಂದನ್ನೂ ವರ್ನಿಯರ್‌ನಲ್ಲಿ ಅಳೆದು ವಾಪಸ್ ಅಲ್ಲೇ ಹೂಳಬೇಕು. ಲೆಕ್ಕವನ್ನು ನಾಲ್ಕರಿಂದ ಗುಣಿಸಿದರೆ ಒಂದು ಚದರ ಮೀಟರಿನದು.

ಒಟ್ಟು ಸಂಖ್ಯೆಗಿಂತ ನಾನು ಹೆಚ್ಚು ನೋಡುವುದು ಗಾತ್ರವನ್ನು. ಬರೀ ದೊಡ್ಡವೇ ಸಿಕ್ಕರೆ ಹೊಸ ಮರಿ ಕೂತಿಲ್ಲ ಅಂತ ಅನುಮಾನ ಪಡಬೇಕು. ಬರೀ ಸಣ್ಣವಾದರೆ ತೆಗೆದದ್ದು ಜಾಸ್ತಿಯಾಗಿರಬಹುದು. ಖಾಲಿ ಚಿಪ್ಪನ್ನೂ ಎಸೆಯಬೇಡಿ. ಎರಡೂ ಹೋಳು ಇನ್ನೂ ಬೆನ್ನಲ್ಲಿ ಅಂಟಿಕೊಂಡು ಪುಸ್ತಕದ ಹಾಗೆ ತೆರೆದುಕೊಂಡಿದ್ದರೆ ಅದು ಇತ್ತೀಚೆಗೆ ಸತ್ತದ್ದು. ಬಿಡಿಬಿಡಿಯಾಗಿ ಅಂಚು ಸವೆದಿದ್ದರೆ ಹಳೇದು, ಬೇರೆ ಕಡೆಯಿಂದ ನೀರು ತಂದದ್ದೂ ಇರಬಹುದು. ಮಳೆ ಮುಗಿದ ಮೇಲೆ ಈ ಜೋಡಿ ಚಿಪ್ಪುಗಳ ಲೆಕ್ಕ ಬೇರೆಯಾಗಿ ಬರೆದಿಟ್ಟರೆ ಆ ವರ್ಷದ ಸಾವು ಕಣ್ಣಿಗೆ ಕಾಣುತ್ತದೆ.

ಹಗ್ಗ ಎಲ್ಲಿ ಎಳೆಯಬೇಕು ಅಂತ ನಾನು ನಕ್ಷೆಯನ್ನಷ್ಟೇ ನೋಡಿ ನಿರ್ಧರಿಸುವುದಿಲ್ಲ. ಬಳಚು ತೆಗೆಯುವ ಹೆಂಗಸರು ಕಾಲಲ್ಲೇ ಹಾಸು ಗುರುತಿಸುತ್ತಾರೆ. "ಅಲ್ಲೇನು ನೋಡ್ತೆ ತಮಾ, ಹೋದ ಮಳೆಗೆ ಪೂರಾ ಹೊಯ್ಗೆ ಕೂತದೆ" ಅಂತ ಒಬ್ಬ ಅಕ್ಕ ಹೇಳಿದ್ದರು; ಹೊಯ್ಗೆ ಅಂದರೆ ಮರಳು. ಅಗೆದು ನೋಡಿದರೆ ಹಾಗೇ ಇತ್ತು. ಆದರೂ ಆ ಖಾಲಿ ಜಾಗವನ್ನು ಲೆಕ್ಕದಿಂದ ಬಿಡಲಿಲ್ಲ, ಸೊನ್ನೆಯೂ ಮಾಹಿತಿಯೇ.

ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಅಂಚನ್ನೂ ಪ್ರತಿ ವರ್ಷ ಅದೇ ಜಾಗದಿಂದ ಫೋಟೋ ತೆಗೆದು ಗುರುತಿಸುತ್ತೇನೆ. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯಲ್ಲಿ 1000 ಚದರ ಮೀಟರಿಗಿಂತ ದೊಡ್ಡ ಕಾಂಡ್ಲಾ ಕಾಡಿಗೆ ಸುತ್ತ 50 ಮೀಟರ್ ರಕ್ಷಣೆ ಇದೆ, ಹಾಗಾಗಿ ಅಂಚು ಎಲ್ಲಿತ್ತು ಅನ್ನುವ ದಾಖಲೆ ಮುಖ್ಯ.

2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿ, ಅಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ, ಸೇರಿತು. ತುಂಬಾ ಖುಷಿಯಾಯಿತು. ಆದರೆ ನಾಳೆ ಇಲ್ಲಿ ಏನಾದರೂ ಬದಲಾದರೆ ಮೊದಲು ಹೇಗಿತ್ತು ಅಂತ ತೋರಿಸೋಕೆ ಎಲ್ಲಾ ಋತುವಿನ ಲೆಕ್ಕ ನಮ್ಮ ಕೈಲಿ ಇರಬೇಕು. ಒಂದು ಕೋರಿಕೆ: ವರದಿ ಕಳಿಸುವ ಮುಂಚೆ ಅಂಕಿಗಳನ್ನು ಬಳಚು ತೆಗೆಯುವವರ ಮುಂದೆ ಓದಿ. ಯಾವ ಹಾಸಿನ ಲೆಕ್ಕ ಸರಿ ಕಾಣಲ್ಲ ಅಂತ ಅವರು ಹೇಳುತ್ತಾರೋ, ಮುಂದಿನ ದೊಡ್ಡ ಇಳಿತಕ್ಕೆ ಅಲ್ಲಿಗೆ ಅವರನ್ನೇ ಕರೆದುಕೊಂಡು ಹೋಗಿ ಇನ್ನೊಮ್ಮೆ ಎಣಿಸಿ.