ಬಾಚಣಿಗೆಯಲ್ಲಿ ಸಿಕ್ಕ ಪ್ರಾರ್ಥನೆ: ಭಕ್ತಿಕವಿತೆ ಬರೆಯುವ ನನ್ನ ಅನುಭವ

ನನ್ನ ಕವಿತೆಗಳೆಲ್ಲ ಮನೆಗೆಲಸದ ನಡುವೆ ಹುಟ್ಟಿದವು. ದೇವಾಲಯದಲ್ಲಿ ಕುಳಿತಾಗ ನನಗೆ ಸಾಲು ಹೊಳೆಯುವುದಿಲ್ಲ. ಬಟ್ಟೆ ಮಡಿಸುವಾಗ, ಮಾತ್ರೆ ಎಣಿಸಿಡುವಾಗ, ಬಾರದ ಫೋನಿಗೆ ಕಾಯುವಾಗ ಹೊಳೆಯುತ್ತದೆ. ಇದು ನಮ್ಮ ಕ್ರೈಸ್ತ ನಂಬಿಕೆಗೆ ಹೊಸದೇನಲ್ಲ. ಕಳೆದ ನಾಣ್ಯಕ್ಕಾಗಿ ದೀಪ ಹಚ್ಚಿ ಮನೆ ಗುಡಿಸುವ ಹೆಂಗಸನ್ನು ಯೇಸು ತನ್ನ ಸಾಮ್ಯಕ್ಕೆ, ಅಂದರೆ ನೀತಿ ಹೇಳುವ ಕತೆಗೆ, ಕರೆತಂದ. ಪುನರುತ್ಥಾನದ ನಂತರ ದಡದಲ್ಲಿ ಕೆಂಡ ಮಾಡಿ, ಮೀನು ಸುಟ್ಟು, ರಾತ್ರಿಯೆಲ್ಲ ಬಲೆ ಬೀಸಿ ದಣಿದ ಶಿಷ್ಯರನ್ನು ಊಟಕ್ಕೆ ಕರೆದ. ಯೋಹಾನನ ಸುವಾರ್ತೆಯ 21ನೇ ಅಧ್ಯಾಯದ ಆ ಬೆಳಗನ್ನು ಓದಿದಾಗಲೆಲ್ಲ ಬರೆಯುವ ಧೈರ್ಯ ಬರುತ್ತದೆ.

ಬರೆಯುವುದನ್ನು ಕಲಿಸಿದ್ದು ಮಾತ್ರ ಬೈಬಲಿನ ಕೀರ್ತನೆಗಳು. ಅಲ್ಲಿರುವ 150ರಲ್ಲಿ ಗೋಳಾಟದ ಕೀರ್ತನೆಗಳೇ ಎಷ್ಟೊಂದು! 13ನೆಯದರಲ್ಲಿ ದಾವೀದ ‘ಎಲ್ಲಿಯವರೆಗೆ’ ಎಂದು ನಾಲ್ಕು ಸಲ ಕೇಳುತ್ತಾನೆ, ಆಮೇಲಷ್ಟೇ ಭರವಸೆಯ ಮಾತಿಗೆ ಬರುತ್ತಾನೆ. 88ನೆಯದರಲ್ಲಿ ಆ ತಿರುವೂ ಇಲ್ಲ, ಅದು ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಅದು ಪ್ರಾರ್ಥನೆಯೇ, ಏಕೆಂದರೆ ಮೊದಲಿಂದ ಕೊನೆಯವರೆಗೂ ದೇವರಿಗೇ ಹೇಳಿದ್ದು. ನಾನು ಹಿಡಿದುಕೊಂಡ ನಿಯಮ ಇಷ್ಟೇ: ಸಮಾಧಾನ ಇನ್ನೂ ಬಂದಿಲ್ಲವಾದರೆ ಬಂದಂತೆ ಬರೆಯಬಾರದು. ಭಕ್ತಿಯ ಹೆಸರಿನಲ್ಲಿ ಆಡಿದರೂ ಸುಳ್ಳು ಸುಳ್ಳೇ.

ಒಂದು ಕವಿತೆಯನ್ನೇ ತೆಗೆದುಕೊಳ್ಳುತ್ತೇನೆ. ಅಮ್ಮನಿಗೆ ಮರೆವಿನ ಕಾಯಿಲೆ. ದಿನಾ ಅವಳ ತಲೆ ಬಾಚುವುದು ನಾನು. ಬಾಚಣಿಗೆಗೆ ಬಂದ ಕೂದಲು ಬಿಡಿಸುವಾಗ ‘ನಿಮ್ಮ ತಲೆಯ ಕೂದಲುಗಳು ಸಹ ಎಣಿಸಲ್ಪಟ್ಟಿವೆ’ ಎಂಬ ಯೇಸುವಿನ ಮಾತು ನೆನಪಾಗದೇ ಇರುತ್ತದೆಯೇ? ಮೊದಲು ಬಂದ ಸಾಲುಗಳು ಇವು:

ಅಮ್ಮನ ತಲೆ ಬಾಚುತ ನಿನ್ನೊಲವ ಕಂಡೆನು,
ಒಂದೊಂದು ಕೂದಲೂ ಎಣಿಸಿರುವೆ ನೀನು.

ಲಯ ಸರಿಯಿದೆ, ಪ್ರಾಸವೂ ಕೂತಿದೆ. ಆದರೆ ಆ ಹೊತ್ತಿನಲ್ಲಿ ನನಗೆ ಒಲವು ಕಂಡಿರಲಿಲ್ಲ, ಕಂಡದ್ದು ಉದುರಿದ ಕೂದಲು. ಬೈಬಲಿನ ಆ ವಚನವನ್ನು ಉತ್ತರವಾಗಿ ಕೂರಿಸುವ ಬದಲು ದೇವರನ್ನೇ ಕೇಳುವ ಪ್ರಶ್ನೆಯಾಗಿಸಿದೆ:

ಬಾಚಣಿಗೆ ತುಂಬ ಕೂದಲು ಬಂತು ಈ ದಿನವೂ,
ಲೆಕ್ಕ ನಿನ್ನ ಬಳಿ ಇದೆಯಲ್ಲ, ಕರ್ತನೇ?
ಅಮ್ಮನ ಬಾಯಿಗೆ ನನ್ನ ಹೆಸರು ಬರಲಿಲ್ಲ ಈ ದಿನವೂ,
ಅದನ್ನೂ ಎಣಿಸಿಕೊಂಡೆಯಾ?

ಇಲ್ಲಿ ಪ್ರಾಸ ಹೋಯಿತು, ಜೋಡಿ ಸಾಲು ಉಳಿಯಿತು. ಕೀರ್ತನೆಗಳ ಮೂಲವಾದ ಹೀಬ್ರೂ ಕಾವ್ಯದ ಜೀವಾಳವೇ ಅದು: ಒಂದು ಸಾಲು ಹೇಳಿದ್ದನ್ನು ಮುಂದಿನದು ಬೇರೆ ಮಾತಿನಲ್ಲಿ ಮತ್ತೆ ಹೇಳುತ್ತದೆ, ಬೆಳೆಸುತ್ತದೆ, ಇಲ್ಲವೇ ಎದುರಿಗೆ ನಿಲ್ಲುತ್ತದೆ. ಪ್ರಾಸದ ಬೆನ್ನು ಹತ್ತಿದರೆ ‘ಯೇಸು’ ಬಂದಲ್ಲೆಲ್ಲ ‘ಲೇಸು’ ಬಂದು ಕೂರುತ್ತದೆ, ಹೇಳಬೇಕಾದ್ದು ಉಳಿದೇ ಹೋಗುತ್ತದೆ. ರಾಗ ಹಾಕಿ ಸಭೆಯಲ್ಲಿ ಹಾಡುವ ಗೀತೆಗೆ ಪ್ರಾಸ ಬೇಕು, ಒಪ್ಪುತ್ತೇನೆ. ಎಲ್ಲರ ಬಾಯಲ್ಲೂ ನಿಲ್ಲಬೇಕಲ್ಲ. ಒಬ್ಬರೇ ಓದಿಕೊಳ್ಳುವ ಕವಿತೆಗೆ ಆ ಕಟ್ಟು ಬೇಡ.

ತಿದ್ದುವಾಗ ಗಟ್ಟಿಯಾಗಿ ಓದುತ್ತೇನೆ, ಪ್ರಾರ್ಥಿಸುವ ದನಿಯಲ್ಲೇ. ಕೃಪೆ, ಮಹಿಮೆ, ರಕ್ಷಣೆಯಂಥ ದೊಡ್ಡ ಮಾತು ಬಂದಲ್ಲಿ ನಿಂತು, ಈ ಕವಿತೆಯಲ್ಲಿ ಅದು ಯಾವ ರೂಪದಲ್ಲಿ ಬಂತು ಎಂದು ಕೇಳಿಕೊಳ್ಳುತ್ತೇನೆ. ರೂಪ ಕಾಣಿಸದಿದ್ದರೆ ಆ ಮಾತನ್ನು ತೆಗೆದುಬಿಡುತ್ತೇನೆ.

ಸಂತೋಷದ ಕವಿತೆಗೂ ಇದೇ ನಿಯಮ. ಅಮ್ಮ ಒಮ್ಮೆ ಹಳೆಯ ಸ್ತುತಿಗೀತೆಯೊಂದನ್ನು ಒಂದು ಪದವೂ ತಪ್ಪದಂತೆ ಹಾಡಿದಳು. ಮಗಳು ಮರೆತುಹೋದರೂ ಹಾಡು ಉಳಿದಿತ್ತು. ಅದನ್ನು ಅದ್ಭುತ ಎಂದು ಕರೆಯಲಿಲ್ಲ, ನಡೆದದ್ದನ್ನಷ್ಟೇ ಬರೆದು ಸ್ತೋತ್ರ ಹೇಳಿದೆ.

ಇನ್ನೊಂದು ಮಾತು ಹೇಳಲೇಬೇಕು. ಮನೆಯವರ ಬಗ್ಗೆ ಬರೆದದ್ದನ್ನು ಪ್ರಾರ್ಥನಾ ಕೂಟದಲ್ಲಿ ಓದುವ ಮೊದಲು ಅವರಿಗೇ ಓದಿ ಹೇಳಿ ಒಪ್ಪಿಗೆ ಕೇಳುತ್ತೇನೆ. ಅಮ್ಮನನ್ನು ಈಗ ಕೇಳುವಂತಿಲ್ಲ. ಅದಕ್ಕೇ, ಅವಳಿಗೆ ಬುದ್ಧಿ ನೆಟ್ಟಗಿದ್ದಾಗ ಯಾರಿಗೂ ತೋರಿಸಲು ಇಷ್ಟಪಡುತ್ತಿರಲಿಲ್ಲವೆಂದು ನನಗೆ ಗೊತ್ತಿರುವ ಸಂಗತಿಗಳ ಕವಿತೆಗಳನ್ನು ಬೇರೆ ನೋಟ್‌ಬುಕ್ಕಿನಲ್ಲಿ ಇಟ್ಟಿದ್ದೇನೆ. ಅವನ್ನು ಯಾರಿಗೂ ಓದುವುದಿಲ್ಲ. ಅವು ದೇವರಿಗೆ ಹೇಳಿದ ಮಾತು, ಅವನು ಕೇಳಿಸಿಕೊಂಡರೆ ಸಾಕು.