ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ: ದೂರ ಎಷ್ಟು, ನಿಜಕ್ಕೂ ಎಷ್ಟು ಹೊತ್ತು ಬೇಕು?

ಅಪ್ಪ ಅಮ್ಮನಿಗೆ ಟಿಕೆಟ್ ಮಾಡಿಸುವಾಗ ನಾವು ಮೊದಲು ನೋಡುವುದೇ ರೇಟು. ಅದಕ್ಕಿಂತ ಮುಂಚೆ ಮನೆ ಬಾಗಿಲಿಂದ ಮನೆ ಬಾಗಿಲಿಗೆ ಎಷ್ಟು ಗಂಟೆ ಅಂತ ನೀವೇ ಲೆಕ್ಕ ಹಾಕಿ. ಇದು ಕಷ್ಟವೇನಲ್ಲ.

ಮೊದಲು ದೂರ. ಗೋಡೆ ಮೇಲಿನ ಮ್ಯಾಪ್ ನಂಬಬೇಡಿ. ಗ್ಲೋಬ್ ಇದ್ದರೆ ಎರಡೂ ಊರುಗಳ ಮಧ್ಯೆ ಒಂದು ದಾರ ಬಿಗಿಯಾಗಿ ಎಳೆದು ನೋಡಿ. ಅದು ಪೆಸಿಫಿಕ್ ಸಾಗರದ ಮೇಲೆ ಅಡ್ಡಡ್ಡ ಹೋಗುವುದಿಲ್ಲ, ಸೀದಾ ಉತ್ತರಕ್ಕೆ ಏರಿ ಚೀನಾ, ಸೈಬೀರಿಯಾ ದಾಟಿ, ಆರ್ಕ್ಟಿಕ್ ಅಂಚಿನಿಂದ ಅಲಾಸ್ಕಾ ಕಡೆ ಇಳಿಯುತ್ತದೆ. ಹಾಗೆ ಅಳೆದರೆ ಸುಮಾರು 14,000 ಕಿ.ಮೀ. ಗೂಗಲ್ ಮ್ಯಾಪ್‌ನಲ್ಲಿ ದೂರ ಅಳೆದರೂ ಇದೇ ಲೆಕ್ಕ ಸಿಗುತ್ತದೆ.

ದೊಡ್ಡ ವಿಮಾನ ಗಂಟೆಗೆ 900 ಕಿ.ಮೀ. ಆಸುಪಾಸಿನಲ್ಲಿ ಹಾರುತ್ತದೆ. ಭಾಗಿಸಿ, ಏರಿಳಿಯುವುದಕ್ಕೆ ಅಂತ ಅರ್ಧ ಗಂಟೆ ಸೇರಿಸಿ, ಹದಿನಾರು ಗಂಟೆ ಆಯಿತು. ಆದರೆ ನಿಜವಾದ ದಾರಿ ದಾರದಷ್ಟು ನೇರ ಇರುವುದಿಲ್ಲ. ಟಿಬೆಟ್ ಮೇಲೆ ವಿಮಾನಗಳು ಆದಷ್ಟು ಹೋಗುವುದಿಲ್ಲ, ಯಾಕಂದ್ರೆ ಒಳಗಿನ ಗಾಳಿಯ ಒತ್ತಡ ಕಮ್ಮಿಯಾದರೆ ತಕ್ಷಣ ಹತ್ತು ಸಾವಿರ ಅಡಿಗೆ ಇಳಿಯಬೇಕು, ಅಲ್ಲಿ ನೆಲವೇ ಅದಕ್ಕಿಂತ ಎತ್ತರ. ಗಾಳಿಯದ್ದೂ ಪಾಲಿದೆ. ಮೇಲೆ ಜೋರಾಗಿ ಬೀಸುವ ಜೆಟ್ ಸ್ಟ್ರೀಮ್ ಪಶ್ಚಿಮದಿಂದ ಪೂರ್ವಕ್ಕೆ ಹೋಗುತ್ತದೆ. ಅದಕ್ಕೇ ಸಿಂಗಪುರದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವುದಕ್ಕಿಂತ ವಾಪಸ್ ಬರುವುದಕ್ಕೆ ಒಂದೆರಡು ಗಂಟೆ ಜಾಸ್ತಿ ಹಿಡಿಯುತ್ತದೆ.

ಮಧ್ಯೆ ಇಳಿದು ಹತ್ತುವ ಟಿಕೆಟ್ ಅಂದ್ರೆ ಸುತ್ತು ಅಂತ ಹೆದರಬೇಡಿ. ದುಬೈ ಮೇಲೆ ಹೋದರೆ 2,700 ಮತ್ತು 13,000, ಒಟ್ಟು 15,700 ಕಿ.ಮೀ. ಅಷ್ಟೇ. ಟೈಮ್ ತಿನ್ನುವುದು ಕಾಯುವಿಕೆ. ಹಾರಾಟ ಇಪ್ಪತ್ತು ಗಂಟೆ, ಮಧ್ಯೆ ಮೂರು ಗಂಟೆ ಅಂದುಕೊಳ್ಳಿ, 23 ಆಯಿತು. ಅಮೆರಿಕದಲ್ಲಿ ಮೊದಲು ನ್ಯೂಯಾರ್ಕ್‌ನಲ್ಲೋ ಶಿಕಾಗೋದಲ್ಲೋ ಇಳಿಯುವ ಟಿಕೆಟ್ ಆದರೆ ಇಮಿಗ್ರೇಶನ್ ಅಲ್ಲೇ. ಸಾಮಾನ್ಯವಾಗಿ ಬ್ಯಾಗ್ ಕೂಡ ಅಲ್ಲೇ ತಗೊಂಡು ಮತ್ತೆ ಕೊಡಬೇಕು. ವಯಸ್ಸಾದವರಿಗೆ ಅಲ್ಲಿ ಮೂರು ಗಂಟೆಗಿಂತ ಕಮ್ಮಿ ಇರುವ ಟಿಕೆಟ್ ದಯವಿಟ್ಟು ಮಾಡಿಸಬೇಡಿ.

ಎಲ್ಲರೂ ತಬ್ಬಿಬ್ಬಾಗುವುದು ಗಡಿಯಾರದಲ್ಲಿ. ಟಿಕೆಟ್ ಮೇಲಿರುವುದು ಆಯಾ ಊರಿನ ಸಮಯ. ಜನವರಿ 10ರ ಬೆಳಗಿನ ಜಾವ 4ಕ್ಕೆ ಬೆಂಗಳೂರು ಬಿಟ್ಟು ಅದೇ 10ರ ಮಧ್ಯಾಹ್ನ 1:30ಕ್ಕೆ ತಲುಪುತ್ತೀರಿ ಅಂತ ಬರೆದಿದ್ದರೆ ಒಂಬತ್ತೂವರೆ ಗಂಟೆಯ ಪ್ರಯಾಣ ಅನ್ನಿಸುತ್ತದೆ ಅಲ್ವಾ? ಚಳಿಗಾಲದಲ್ಲಿ ಅಲ್ಲಿಯ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಎರಡನ್ನೂ ಕೂಡಿಸಿ, ಸರಿಯಾಗಿ 23. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಹನ್ನೆರಡೂವರೆ ಗಂಟೆ ಹಿಡಿಯಿರಿ. ವಾಪಸ್ ಬರುವಾಗ ಇದೇ ವ್ಯತ್ಯಾಸವನ್ನು ಕಳೆಯಬೇಕು. 10ನೇ ತಾರೀಕು ಸಂಜೆ ಹೊರಟವರು ಬೆಂಗಳೂರಿನಲ್ಲಿ ಇಳಿಯುವುದು 12ರ ಬೆಳಗಿನ ಜಾವ.

ಇದಕ್ಕೆ ದೇವನಹಳ್ಳಿಯವರೆಗಿನ ದಾರಿ ಸೇರಿಸಿ. ಜಯನಗರದಿಂದ ಸಂಜೆ ಟ್ರಾಫಿಕ್‌ನಲ್ಲಿ ಎರಡು ಗಂಟೆ ಇಟ್ಟುಕೊಳ್ಳಿ, ಅಲ್ಲಿ ಮೂರು ಗಂಟೆ ಮುಂಚೆ ಇರಬೇಕು. ಇನ್ನೊಂದು, 10ರ ಬೆಳಗಿನ ಜಾವ 4 ಅಂದ್ರೆ ಮನೆ ಬಿಡುವುದು 9ರ ರಾತ್ರಿ. ಕ್ಯಾಬ್ ಬುಕ್ ಮಾಡುವವರಿಗೆ ಈ ತಾರೀಕನ್ನು ಬಿಡಿಸಿ ಹೇಳಿ.