ಕಾಂಪೌಂಡಿನ ಹೊರಗೊಂದು ಕಟ್ಟೆ

ಕಲಬುರಗಿಯ ರಿಂಗ್ ರೋಡ್ ದಾಟಿ ಸೇಡಂ ಕಡೆಗೋ ಜೇವರ್ಗಿ ಕಡೆಗೋ ಹೋದರೆ ಹೊಸ ಲೇಔಟುಗಳು ಒಂದರ ಹಿಂದೊಂದು ಸಿಗುತ್ತವೆ. ಅಲ್ಲಿ ಮನೆಗಳ ನಕ್ಷೆ ಹಾಕಿ ಕಟ್ಟಿಸುವುದು ನನ್ನ ಕೆಲಸ. ದೇಶದ ಗುರುತು ಅಂದರೆ ಎಲ್ಲರೂ ಸಂಸತ್ ಭವನ, ವಿಧಾನಸೌಧ ಅನ್ನುತ್ತಾರೆ. ನನಗೆ ಮಾತ್ರ ಈ 30×40 ಸೈಟುಗಳೇ ನೆನಪಾಗುತ್ತವೆ. ಸರ್ಕಾರಿ ಕಟ್ಟಡ ಸರ್ಕಾರದ ಮಾತನ್ನು ಹೇಳುತ್ತದೆ. ನಿವೃತ್ತ ಮಾಸ್ತರೊಬ್ಬರು ಗಂಟು ಬಿಚ್ಚಿ ಕಟ್ಟಿಸಿದ ಮನೆ, ನಮ್ಮ ಜನ ಯಾರ ಜೊತೆ, ಹೇಗೆ ಬದುಕಬೇಕು ಅಂದುಕೊಂಡಿದ್ದಾರೆ ಅನ್ನೋದನ್ನು ಹೇಳುತ್ತದೆ.

ಲೇಔಟು ಒಂದು ದೇಶವನ್ನೇ ತೋರಿಸುತ್ತದೆ ಅನ್ನುವುದಕ್ಕೆ ಅಮೆರಿಕದ ಲೆವಿಟ್‌ಟೌನ್ ನೋಡಿ. ನ್ಯೂಯಾರ್ಕ್ ಪಕ್ಕದ ಲಾಂಗ್ ಐಲೆಂಡಿನ ಆಲೂಗಡ್ಡೆ ಹೊಲಗಳಲ್ಲಿ 1947ರಿಂದ 1951ರ ಒಳಗೆ 17 ಸಾವಿರಕ್ಕೂ ಹೆಚ್ಚು ಮನೆ ಎದ್ದವು. ಎರಡನೇ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ ಸಾಲ ಸಿಕ್ಕಿತು. ಒಂದು ಕುಟುಂಬಕ್ಕೆ ಒಂದು ಮನೆ, ಮುಂದೆ ಹುಲ್ಲುಹಾಸು. ಆದರೆ ಮೊದಲ ಕರಾರುಪತ್ರಗಳಲ್ಲೇ ಬಿಳಿಯರಲ್ಲದವರು ಅಲ್ಲಿ ವಾಸ ಮಾಡಬಾರದು ಅಂತ ಬರೆದಿತ್ತು. ಆ ದೇಶದ ಆಸೆಯೂ ಅದರ ಕೇಡೂ ಒಂದೇ ನಕ್ಷೆಯಲ್ಲಿದ್ದವು.

ನಮ್ಮ ಲೇಔಟಿನಲ್ಲಿ ಏನು ಕಾಣುತ್ತದೆ? ಆಳೆತ್ತರದ ಕಾಂಪೌಂಡ್. ಒಳಗೆ ಯಾರಿದ್ದಾರೆ ಅಂತಲೂ ಗೊತ್ತಾಗದಂತೆ ತಗಡು ಹೊಡೆದ ಗೇಟು. ಮುಂಭಾಗಕ್ಕೆ ಗಾಜು. ಬೇಸಿಗೆಯಲ್ಲಿ 40 ಡಿಗ್ರಿ ಸಲೀಸಾಗಿ ದಾಟುವ ಊರಿದು. ಇಲ್ಲಿ ಪಡುವಣಕ್ಕೆ ಗಾಜು ಹಾಕಿಸಿ, ಆಮೇಲೆ ಅದಕ್ಕೆ ದಪ್ಪ ಪರದೆ ಇಳಿಬಿಟ್ಟು ಕೂರುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಸೇಡಂ ರಸ್ತೆ ಕಡೆ ಕಟ್ಟಿಸಿದ ಒಂದು ಮನೆಯ ಬಗ್ಗೆ ಹೇಳುತ್ತೇನೆ. ಮಾಲೀಕರು ನಿವೃತ್ತ ಮಾಸ್ತರು. ಅವರ ಮಗ ಮೊಬೈಲಿನಲ್ಲಿ ಬೆಂಗಳೂರಿನ ಮನೆಯೊಂದರ ಎಲಿವೇಶನ್, ಅಂದರೆ ಮುಂಭಾಗದ ಚಿತ್ರ, ತೋರಿಸಿ 'ಹಿಂಗೇ ಬೇಕ್ರಿ ಸರ' ಅಂದ. ಮಾಸ್ತರ ಹೆಂಡತಿ ಅಷ್ಟೂ ಹೊತ್ತು ಸುಮ್ನಿದ್ದರು. ನಾನು ಅವರನ್ನೂ ಕೇಳಿದೆ. 'ಸಂಜಿಗಿ ನಾ ಎಲ್ಲಿ ಕೂಡ್ಬೇಕ್ರಿ? ಗೇಟಿನೊಳಗ ಕೂತ್ರ ಯಾರ್ ಮಾತಾಡಸ್ತಾರ?' ಅಂದರು. ಇಡೀ ನಕ್ಷೆ ನಿಂತಿದ್ದು ಆ ಒಂದು ಪ್ರಶ್ನೆಯ ಮೇಲೆ.

ಹಳೇ ಮನೆಗಳಲ್ಲಿ ಬಾಗಿಲ ಎರಡೂ ಬದಿ ಕಟ್ಟೆ ಇರುತ್ತಿತ್ತು, ಕಟ್ಟೆ ಬೀದಿಗೆ ತಾಗಿರುತ್ತಿತ್ತು. ಲೇಔಟಿನಲ್ಲಿ ಸೆಟ್‌ಬ್ಯಾಕ್, ಅಂದರೆ ಗಡಿಗೂ ಮನೆಗೂ ನಡುವೆ ಖಾಲಿ ಜಾಗ, ಬಿಡಲೇಬೇಕು, ಮನೆ ಹಿಂದೆ ಸರಿಯುತ್ತದೆ. ಹಾಗಾಗಿ ಕಟ್ಟೆಯನ್ನು ಮನೆಯಿಂದ ಬಿಡಿಸಿ ಕಾಂಪೌಂಡಿಗೆ ಕೂಡಿಸಿದೆ. ಸೈಟಿನ ಗಡಿಯಿಂದ ಕಾಂಪೌಂಡ್ ಗೋಡೆಯನ್ನು ಎರಡಡಿ ಒಳಗೆ ತಂದು, ಆ ಎರಡಡಿಯಲ್ಲಿ ಬೀದಿಗೆ ಮುಖ ಮಾಡಿ ಕಟ್ಟೆ ಕಟ್ಟಿಸಿದೆ. ಜಾಗ ಪೂರ್ತಿ ನಮ್ಮ ಸೈಟಿನದೇ, ಹಾಗಾಗಿ ರಸ್ತೆ ಒತ್ತುವರಿ ಅನ್ನುವ ತಕರಾರಿಲ್ಲ. ಎತ್ತರ ಒಂದೂವರೆ ಅಡಿ. ಮೇಲೆ ಒಂದೂವರೆ ಇಂಚು ದಪ್ಪದ ಶಹಾಬಾದ್ ಪರಸಿ (ಚಪ್ಪಡಿ ಕಲ್ಲು), ಪಾಲಿಶ್ ಇಲ್ಲದ್ದು. ಕಲ್ಲು ಎರಡು ಇಂಚು ಮುಂದೆ ಚಾಚಿರಬೇಕು, ಆಗ ಕೂತವರ ಹಿಮ್ಮಡಿಗೆ ಜಾಗ ಸಿಗುತ್ತದೆ. ಅಂಚು ತೊಡೆಗೆ ಒತ್ತದಂತೆ ಗೌಂಡಿಯಿಂದ ಉಜ್ಜಿಸಿ ಗುಂಡಗೆ ಮಾಡಿಸಿದೆ. ಮಳೆ ನೀರು ನಿಲ್ಲದ ಹಾಗೆ ಬೀದಿ ಕಡೆಗೆ ಅರ್ಧ ಇಂಚು ಇಳಿಜಾರು. ಕಟ್ಟೆ ತಾನೇ ಅಂತ ಬುನಾದಿಯಲ್ಲಿ ಉಳಿತಾಯ ಮಾಡಬಾರದು. ನಮ್ಮ ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಕೆಳಗಿನ ಗರಸು, ಅಂದರೆ ಗಟ್ಟಿ ಜಲ್ಲಿಮಣ್ಣು, ಸಿಗುವ ತನಕ ಅಗೆಸಿದರೆ ಮಾತ್ರ ಕಟ್ಟೆ ಸೀಳುವುದಿಲ್ಲ. ಇನ್ನೊಂದು ಮಾತು: ಇದು ಸುಣ್ಣದ ಕಲ್ಲು. ತೊಳೆಯಲು ಆ್ಯಸಿಡ್ ಹಾಕಿದರೆ ಕಲ್ಲೇ ತಿಂದುಹೋಗುತ್ತದೆ.

ಮಗನಿಗೂ ಬೇಸರವಾಗಬಾರದಲ್ವಾ? ಮೂಡಣದ ಮುಂಭಾಗದಲ್ಲಿ ಅವನು ಕೇಳಿದ ನೇರ ಗೆರೆಗಳ ಎಲಿವೇಶನ್ನೇ ಮಾಡಿಕೊಟ್ಟೆ. ಪಡುವಣಕ್ಕೆ ಮೆಟ್ಟಿಲು, ಬಚ್ಚಲು ಹಾಕಿದೆ, ಸಂಜೆ ಬಿಸಿಲನ್ನು ಅವೇ ತಡೆಯುತ್ತವೆ. ಹೊರಗಿನಿಂದ ಬಂದದ್ದೆಲ್ಲ ಬೇಡ ಅನ್ನುವವನು ನಾನಲ್ಲ. ನಮ್ಮ ಕೋಟೆಯೊಳಗಿನ 1367ರ ಜಾಮಿ ಮಸೀದಿಗೆ ತೆರೆದ ಅಂಗಳವೇ ಇಲ್ಲ, ಪೂರ್ತಿ ಮೇಲೆ ಚಾವಣಿ, ಸಾಲುಸಾಲು ಕಮಾನು. ಬೀದರಿನ ಮಹಮೂದ್ ಗವಾನ್ ಮದರಸಾ, 1472ರದ್ದು, ಪರ್ಷಿಯಾ ಕಡೆಯ ಬಣ್ಣದ ಹೆಂಚು ಹೊತ್ತು ನಿಂತಿದೆ. ಎಲ್ಲಿಂದಲೋ ಬಂದ ಆ ಕಮಾನು, ಗುಮ್ಮಟಗಳನ್ನು ಬಿಟ್ಟು ಇವತ್ತು ನಮ್ಮೂರನ್ನು ನೆನೆಸಿಕೊಳ್ಳಲೂ ಆಗದು. ಬಂದದ್ದು ಇಲ್ಲಿನ ಬಿಸಿಲಿಗೆ, ಇಲ್ಲಿನ ಬಾಳಿಗೆ ಒಗ್ಗಿತೋ ಇಲ್ಲವೋ ಅನ್ನುವುದೊಂದನ್ನೇ ನಾನು ನೋಡುವುದು.

ನನಗೆ ಧೈರ್ಯ ಕೊಟ್ಟದ್ದು ನವಿ ಮುಂಬೈಯ ಬೇಲಾಪುರದಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ 1980ರ ದಶಕದಲ್ಲಿ ಮಾಡಿದ ಬಡಾವಣೆ. ಏಳೇಳು ಮನೆಗೆ ನಡುವೆ ಒಂದು ಅಂಗಳ. ಒಂದು ಮನೆಯ ಗೋಡೆ ಇನ್ನೊಂದಕ್ಕೆ ತಾಗುವುದಿಲ್ಲ, ಯಾರು ಬೇಕಾದರೂ ತಮ್ಮ ಮನೆ ಬೆಳೆಸಿಕೊಳ್ಳಬಹುದು. ಮುಂದೆ ಅಲ್ಲಿನ ಎಷ್ಟೋ ಜನ ಮನೆ ಕೆಡವಿ ಕಾಂಕ್ರೀಟಿನಲ್ಲಿ ಕಟ್ಟಿಕೊಂಡರು. ಅಂಗಳ ಮಾತ್ರ ಉಳಿಯಿತು. ಚಾವಣಿ, ಬಣ್ಣ, ಕಿಟಕಿ ಬದಲಾಗುತ್ತಲೇ ಇರುತ್ತವೆ. ನಾಲ್ಕು ಜನ ಸೇರುವ ಜಾಗ ಉಳಿದರೆ ನನಗೆ ಅಷ್ಟೇ ಸಾಕು.

ಹಳೇ ಕಟ್ಟೆಯನ್ನು ನಾನು ಕುರುಡಾಗಿ ಹೊಗಳುವುದಿಲ್ಲ. ಓಣಿಗಳು ಜಾತಿವಾರು ಇದ್ದವು. ಎಷ್ಟೋ ಮನೆಗಳ ಕಟ್ಟೆಯ ಮೇಲೆ ಎಲ್ಲರೂ ಕೂರುವ ಹಾಗಿರಲಿಲ್ಲ, ಕೆಲವರು ಚಪ್ಪಲಿ ಕೈಯಲ್ಲಿ ಹಿಡಿದು ದಾಟಬೇಕಿತ್ತು. ಲೇಔಟಿನಲ್ಲಿ ದುಡ್ಡು ಕೊಟ್ಟವರಿಗೆ ಸೈಟು. ಪಕ್ಕದಲ್ಲಿ ಯಾರು ಬರುತ್ತಾರೆ ಅನ್ನುವುದು ಬಹಳ ಸಲ ನಮ್ಮ ಕೈಯಲ್ಲಿರುವುದಿಲ್ಲ. ಅದು ಒಳ್ಳೆಯದೇ. ಆದರೆ ಆಳೆತ್ತರದ ಗೋಡೆ ಎಬ್ಬಿಸಿದರೆ ಆ ಒಳ್ಳೆಯದು ಗೇಟಿನಾಚೆಗೇ ನಿಂತುಬಿಡುತ್ತದೆ. ಮಾಸ್ತರ ಕಟ್ಟೆಗೆ ಸರಳಿಲ್ಲ, ಬೋರ್ಡಿಲ್ಲ. ತರಕಾರಿ ಗಾಡಿಯವನು, ಶಾಲೆಯಿಂದ ಬರುವ ಹುಡುಗಿಯರು, ಬದಿಯ ಮನೆಯ ಗೌಂಡಿಗಳು ಯಾರನ್ನೂ ಕೇಳದೆ ಕೂರುತ್ತಾರೆ. ಮನೆ ಮೂಡಣಕ್ಕೆ ಮುಖ ಮಾಡಿರುವುದರಿಂದ ಮಧ್ಯಾಹ್ನ ಇಳಿಯುತ್ತಲೇ ಮನೆಯ ನೆರಳೇ ಕಟ್ಟೆಗೆ ಬೀಳುತ್ತದೆ.

ಈಗ ಜೇವರ್ಗಿ ರಸ್ತೆ ಕಡೆ ಎದುರುಬದುರು ಸೈಟಿನ ಇಬ್ಬರಿಗೆ ನಕ್ಷೆ ಹಾಕುತ್ತಿದ್ದೇನೆ. ಇಬ್ಬರೂ ಕಟ್ಟೆಗೆ ಒಪ್ಪಿದ್ದಾರೆ. ಒಬ್ಬರ ಮನೆ ಪಡುವಣಕ್ಕೆ ಮುಖ ಮಾಡಿದೆ, ಸಂಜೆ ಬಿಸಿಲು ನೇರ ಕಟ್ಟೆಗೇ ಹೊಡೆಯುತ್ತದೆ. ಅಲ್ಲಿ ಬೇವು ನೆಡಬೇಕು. ಅದು ನೆರಳು ಕೊಡುವ ತನಕ ಆ ಮನೆಯವರೂ ಎದುರಿನ ಕಟ್ಟೆಗೇ ಬರಬೇಕಾಗುತ್ತದೆ. ಅದಕ್ಕೆ ಮೂಡಣ ಮುಖದ ಮನೆಯ ಕಟ್ಟೆಯನ್ನು ನಕ್ಷೆಯಲ್ಲೇ ನಾಲ್ಕಡಿ ಹೆಚ್ಚು ಉದ್ದ ಮಾಡಿದ್ದೇನೆ.